ಕೆಂಪು ಜೀಪಿನ ಪಾಲು

ಮನೆ ಪಾಲಾದ ದಿನ ನನ್ನ ಗಂಡನಿಗೆ ಜೀಪು ಬಂತು, ನನಗೆ ಹೊಟ್ಟೆಯುರಿ ಬಂತು. ಮುಚ್ಚಿಡುವುದೇನಿದೆ? ಹಿರೇಕೊಡಿಗೆಯಲ್ಲಿ ಬಸ್ಸು ನಿಲ್ಲುವ ಕಡೆ ನಮ್ಮದೊಂದು ರಸ್ತೆ ಬದಿಯ ಕೋಣೆ ಇದೆ. ಹಲಗೆ ಬಾಗಿಲು, ಎದುರಿಗೆ ಇಬ್ಬರು ಕೂರುವಷ್ಟು ಕಟ್ಟೆ. ಮಾವ ಅದರಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನನಗೆ ಆ ಕೋಣೆಯ ಮೇಲೆ ಕಣ್ಣು. ನಾನು ಬಟ್ಟೆ ಹೊಲಿಯುವವಳು. ಶೃಂಗೇರಿಯಲ್ಲಿ ಅಂಗಡಿ ಮುಚ್ಚಿದ ಟೈಲರೊಬ್ಬರಿಂದ ಕೊಂಡ ಕಬ್ಬಿಣದ ದೊಡ್ಡ ಮಿಷನ್ ನನ್ನದು. ರವಿಕೆಯನ್ನೂ ಹೊಲಿಯುತ್ತದೆ, ಅಡಿಕೆ ಒಣಗಿಸುವ ಟಾರ್ಪಾಲು ಹರಿದರೆ ಅದನ್ನೂ ಹೊಲಿಯುತ್ತದೆ. ಅದನ್ನು ಜಗಲಿಯ ಮೂಲೆಗೆ ತಳ್ಳಿಕೊಂಡು, ಕತ್ತರಿಸಿಟ್ಟ ಬಟ್ಟೆಯ ಮೇಲೆ ಕೋಳಿ ಓಡಾಡುವುದನ್ನು ಸಹಿಸಿಕೊಂಡು ಇಷ್ಟು ವರ್ಷ ಹೊಲಿದಿದ್ದೇನೆ. ಪಾಲಿನಲ್ಲಿ ಕೋಣೆ ನಮಗೇ ಬರುತ್ತದೆ, ನೀನೇ ಇಟ್ಟುಕೋ ಎಂದು ಗಂಡ ಹೇಳಿದ್ದರು. ನಾನು ನಂಬಿದ್ದೆ.

ನಮ್ಮ ಮನೆಯಲ್ಲಿ ಪಾಲಿಗೆ ಒಂದು ಕ್ರಮ ಇದೆ. ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಬೇಕು. ಯಾರಿಗೂ ಮೋಸ ಆಗದಿರಲಿ ಎಂದು ಹಿಂದಿನವರು ಮಾಡಿದ್ದು. ದೊಡ್ಡವರು ನನ್ನ ಗಂಡ ಧರ್ಮೇಶ್, ಚಿಕ್ಕವನು ನನ್ನ ಮೈದುನ ಶಶಿಕಿರಣ್. ತೋಟ, ಗದ್ದೆ ಸಮಸಮ ಹಂಚಿಯಾಗಿತ್ತು. ಉಳಿದದ್ದನ್ನು ಧರ್ಮೇಶ್ ಎರಡು ಭಾಗ ಮಾಡಿದರು. ಒಂದು ಕಡೆ ರಸ್ತೆ ಬದಿಯ ಕೋಣೆ, ಹಳ್ಳದ ಹತ್ತಿರದ ಪಂಪ್ ಶೆಡ್ಡು, ಶೆಡ್ಡಿನ ಒಳಗಿನ ಸಾಮಾನು. ಇನ್ನೊಂದು ಕಡೆ ಜೀಪು. ಬರೀ ಜೀಪು.

"ಜೀಪಿಗೆ ಎಷ್ಟು ಹಿಡಿದೆಯೋ?" ಎಂದು ಮಾವ ಜಯದೇವಪ್ಪ ಕೇಳಿದರು.

"ಹತ್ತು ಲಕ್ಷ ಅಪ್ಪಯ್ಯ."

"ಹತ್ತಾ?"

"ಬೇಕಾದ್ರೆ ಮೊಬೈಲಲ್ಲಿ ನೋಡಿ. ಇಂಥದ್ದೇ ಜೀಪಿಗೆ ಹನ್ನೊಂದು ಹಾಕಿದಾರೆ. ನಾನು ಕಮ್ಮೀನೇ ಹಿಡ್ದಿದೀನಿ."

ಪಂಚಾಯ್ತಿಗೆ ಕೂತಿದ್ದ ಇಬ್ಬರು ಹಿರಿಯರು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ತಲೆಯಾಡಿಸಿದರು. ಶಶಿ ಯೋಚಿಸಲೂ ಇಲ್ಲ.

"ನಂಗೆ ಕೋಣೆ, ಶೆಡ್ಡು ಸಾಕು ಅಣ್ಣ" ಎಂದುಬಿಟ್ಟ.

ಧರ್ಮೇಶ್ ಮುಖ ಹಬ್ಬದ ದಿನದ ಹುಡುಗನ ಮುಖದ ಹಾಗೆ ಅರಳಿತು. ಆಗ ನನಗೆ ಎಲ್ಲಾ ಗೊತ್ತಾಯಿತು. ಈ ಮನುಷ್ಯ ಜೀಪು ತನಗೇ ಉಳಿಯಲಿ ಎಂದೇ ಹೀಗೆ ಪಾಲು ಮಾಡಿದ್ದು. ಹಿಂದಿನ ದಿನ ಅಕ್ಕಿ ರೊಟ್ಟಿ ಬೇಡ, ಹೊಟ್ಟೆ ಸರಿಯಿಲ್ಲ ಎಂದಿದ್ದು ತಮ್ಮ ಎಲ್ಲಿ ಜೀಪು ಆರಿಸಿಬಿಡುತ್ತಾನೋ ಎಂಬ ಭಯಕ್ಕೆ.

ಜೀಪು ಮಾವ ತಮ್ಮ ಮದುವೆಗೂ ಮುಂಚೆ ಒಂದು ಕಾಫಿ ಎಸ್ಟೇಟಿನವರಿಂದ ಕೊಂಡ ವಿಲ್ಲೀಸ್ ಕಂಪನಿಯದ್ದು. ಕೊಟ್ಟಿಗೆಯಲ್ಲಿ ಹುಲ್ಲಿನ ಅಡಿ ಬಿದ್ದುಕೊಂಡಿತ್ತು. ಅದನ್ನು ಧರ್ಮೇಶ್ ನರಸಿಂಹರಾಜಪುರದ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ವರ್ಷವಿಡೀ ಕೆಲಸ ಮಾಡಿಸಿದರು. ಕುಂಕುಮದ ಬಣ್ಣದ ಪೇಂಟು, ಹೊಳೆಯುವ ಬಂಪರು, ಎತ್ತಿನ ಗಾಡಿಯ ಚಕ್ರದಂಥ ಟಯರು, ಮೇಲೆ ಹೊದಿಸಲು ಕೆಂಪು ರೆಕ್ಸಿನ್ ಹುಡ್ಡು, ಎರಡು ಸ್ಪೀಕರು. ಕಾಳುಮೆಣಸಿನ ದುಡ್ಡೂ ಕಾಫಿಯ ದುಡ್ಡೂ ಅದರ ಹೊಟ್ಟೆಗೆ ಹೋಯಿತು. ನಾಲ್ಕು ಲಕ್ಷದ ಮೇಲೆ ಎಷ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪಾಲಿನ ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಕೇಳಿದೆ.

"ನನ್ನ ಕೋಣೆ ಎಲ್ಲಿ ಹೋಯ್ತು?"

"ಆ ಗೊಬ್ಬರದ ಗೂಡು ಯಾರಿಗೆ ಬೇಕು ಮಾರಾಯ್ತಿ? ಜೀಪು ಮಾರಿದ್ರೆ ಕೊಪ್ಪದಲ್ಲೇ ಅಂಗಡಿ ಹಿಡಿಯಬಹುದು. ಬಸ್ ಸ್ಟ್ಯಾಂಡ್ ಎದುರಿಗೇ."

"ಮಾರಿದ್ರೆ."

"ಮಾರಿದ್ರೆ ಎಂತದು? ಮಾರೋದೇ. ಸಾರು ಹಾಕು."

ಸಾರು ಹಾಕಿದೆ. ಉಪ್ಪು ಹಾಕಿರಲಿಲ್ಲ, ಬೇಕೆಂದೇ. ಅವರು ಜೀಪಿನ ಗುಂಗಿನಲ್ಲಿ ಅದನ್ನೂ ಉಂಡರು.

ಆವತ್ತಿನಿಂದ ಒಂದೇ ಮನೆಯಲ್ಲಿ ಎರಡು ಒಲೆ. ಹಿಂದಿನ ಅಡಿಗೆಮನೆ ಶಶಿ ಮತ್ತು ಅವನ ಹೆಂಡತಿ ನಿಶ್ಚಿತಾಗೆ, ಮುಂದಿನದು ನಮಗೆ. ಮಾವ ಒಂದು ತಿಂಗಳು ಅಲ್ಲಿ ಉಣ್ಣುವುದು, ಅತ್ತೆ ವನಜಮ್ಮ ಇಲ್ಲಿ. ಮುಂದಿನ ತಿಂಗಳು ಅದಲುಬದಲು. ಅತ್ತೆಗೆ ಈ ಲೆಕ್ಕ ತಲೆಗೇ ಹೋಗಲಿಲ್ಲ. ಅಲ್ಲಿ ಕೋಳಿ ಸಾರಾದರೆ ಸೆರಗಿನಡಿ ಬಟ್ಟಲು ಇಟ್ಟುಕೊಂಡು ಇಲ್ಲಿಗೆ ತರುತ್ತಿದ್ದರು, ಇಲ್ಲಿ ಕಡುಬು ಮಾಡಿದರೆ ಅಲ್ಲಿಗೆ ಒಯ್ಯುತ್ತಿದ್ದರು. "ಪಾಲಾಗಿದ್ದು ನಿಮಗೆ, ನಂಗಲ್ಲ" ಎನ್ನುತ್ತಿದ್ದರು.

ಎಂಟನೇ ಕ್ಲಾಸಿನ ನಮ್ಮ ಮಗಳು ಅರ್ಪಿತಾ ಜೀಪಿನ ಫೋಟೋ ತೆಗೆದು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದಳು. ಹತ್ತೂವರೆ ಲಕ್ಷ. ಶುರುವಿನಲ್ಲಿ ಫೋನಿಗೆ ಬಿಡುವಿರಲಿಲ್ಲ. ಎಲ್ಲರದ್ದೂ ಒಂದೇ ಮಾತು: ಲಾಸ್ಟ್ ಎಷ್ಟು? ಕಡಹಿನಬೈಲಿನಿಂದ ಇಬ್ಬರು ಬಂದರು. ಧರ್ಮೇಶ್ ಅವರನ್ನು ಕೂರಿಸಿಕೊಂಡು ಕೊಪ್ಪದ ತನಕ ಸುತ್ತಿಸಿ ಬಂದರೆ, ತಂಗಿಯ ಮದುವೆಗೆ ಫೋಟೋ ತೆಗೆಯಲು ಒಂದು ದಿನ ಜೀಪು ಕೊಡುತ್ತೀರಾ ಎಂದು ಕೇಳಿದರು. ಕೊಪ್ಪದ ಹತ್ತಿರದ ನಾರ್ವೆ ಊರಿನವರೊಬ್ಬರು ಎರಡು ಲಕ್ಷ ದುಡ್ಡು, ಜೊತೆಗೆ ಒಂದು ಹಳೇ ಟಿಲ್ಲರು ಕೊಡುತ್ತೇನೆ ಎಂದರು. ಅವರನ್ನು ನನ್ನ ಗಂಡ ಅಂಗಳದಿಂದಲೇ ಕಳಿಸಿಬಿಟ್ಟರು.

"ಬಂದೋರಿಗೆ ಒಂದು ಲೋಟ ಕಾಫಿ ಕೊಡದೇ ಕಳಿಸೋದಾ?" ಎಂದು ಅತ್ತೆ ಎರಡು ದಿನ ಗೊಣಗಿದರು. "ಈ ಮನೇಲಿ ಹಿಂಗೆ ಯಾವತ್ತೂ ಆಗಿಲ್ಲ."

"ಟಿಲ್ಲರ್ ಕೊಡ್ತಾನಂತೆ ಅಮ್ಮ, ಟಿಲ್ಲರ್! ಮರ್ಯಾದೆ ಬೇಡ್ವಾ?"

"ಟಿಲ್ಲರ್ ಆದ್ರೆ ಉಳೋಕಾದ್ರೂ ಬರ್ತಿತ್ತು" ಎಂದರು ಮಾವ.

ಡಿಸೆಂಬರ್ ಹೊತ್ತಿಗೆ ಫೋನ್ ಬರುವುದು ನಿಂತಿತು. ಒಂದು ಸಂಜೆ ಅರ್ಪಿತಾ ಪುಸ್ತಕ ಬಿಟ್ಟು ಮೊಬೈಲ್ ಹಿಡಿದುಕೊಂಡು ಬಂದಳು.

"ಅಪ್ಪಾ, ಆ ಹನ್ನೊಂದು ಲಕ್ಷದ ಜೀಪು ಇನ್ನೂ ಇಲ್ಲೇ ಇದೆ."

"ಯಾವ್ದು?"

"ನೀವು ಅಜ್ಜಯ್ಯಂಗೆ ತೋರ್ಸಿದ್ದು. ಹಾಕಿ ಎರಡು ವರ್ಷ ಆಗಿದೆ. ಮಾರಾಟ ಆಗಿದ್ದನ್ನ ತೆಗೆದುಬಿಡ್ತಾರೆ ಅಪ್ಪಾ. ಇಲ್ಲಿ ಕಾಣೋದೆಲ್ಲ ಮಾರಾಟ ಆಗದೇ ಇರೋದರ ರೇಟು."

ಧರ್ಮೇಶ್ ಮೊಬೈಲ್ ನೋಡಿದರು, ಮಗಳನ್ನು ನೋಡಿದರು. "ನಿಂಗೆ ಪರೀಕ್ಷೆ ಇಲ್ವೇನೆ?" ಎಂದರು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಏನು ಬಾಯಿಗೆ ಬರುತ್ತಿತ್ತೋ.

ಸಂಕ್ರಾಂತಿ ಕಳೆದ ಮೇಲೆ ವಿವೇಕ ಎಂಬವರು ಬಂದರು. ಶೃಂಗೇರಿ ಹತ್ತಿರ ಹೋಂಸ್ಟೇ ಇಟ್ಟಿದ್ದಾರೆ, ಹಳೇ ಜೀಪು ಕೂಡಿಹಾಕುವ ಮರುಳು. ಜಗಲಿಯಲ್ಲಿ ಕೂತು ಕಾಫಿ ಕುಡಿದರು, ಅತ್ತೆ ಕೊಟ್ಟ ಬಾಳೆಕಾಯಿ ಚಿಪ್ಸು ತಿಂದರು, ಆಮೇಲೆ ಜೀಪಿನ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಅಡಿಭಾಗ ನೋಡಿದರು. ಬಾನೆಟ್ ಎತ್ತಿ ಮುಚ್ಚಿದರು.

"ಚೆನ್ನಾಗಿ ಕೆಲಸ ಮಾಡ್ಸಿದೀರಿ" ಎಂದರು.

ನನಗೆ ಹೆದರಿಕೆಯಾದದ್ದೇ ಆಗ. ಹುಡುಗಿ ನೋಡಲು ಬಂದವರು ಉಪ್ಪಿಟ್ಟು ಚೆನ್ನಾಗಿದೆ ಎಂದ ಹಾಗಿತ್ತು.

"ಎಷ್ಟಕ್ಕೆ ತಗೊಳ್ತೀರಿ?" ಎಂದರು ಧರ್ಮೇಶ್.

"ಎರಡೂವರೆ."

"ಎರಡೂವರೆನಾ? ಬರೀ ಪೇಂಟಿಗೇ ಒಂದರ ಹತ್ತಿರ ಹೋಗಿದೆ ಮಾರಾಯ್ರೆ!"

"ಬೇಜಾರು ಮಾಡ್ಕೋಬೇಡಿ. ಆ ಪೇಂಟ್ ಕೆರೆಸೋಕೆ ನಂಗೆ ಇನ್ನೊಂದು ಖರ್ಚು. ಇದು ಮೊದಲು ಹಸಿರು ಇತ್ತು, ಟಯರ್ ಸಣ್ಣದು, ಹುಡ್ ಕ್ಯಾನ್ವಾಸಿಂದು. ಈಗ ನೋಡೋಕೆ ಚಂದ ಇದೆ. ಆದ್ರೆ ನಮ್ಮಂಥೋರು ದುಡ್ಡು ಕೊಡೋದು ಹಳೇದು ಹಳೇದರ ಹಾಗೇ ಇದ್ರೆ. ಮೇನ್ ಅಂದ್ರೆ, ಒಳಗಿರೋದು ಡೀಸೆಲ್ ಇಂಜಿನ್. ಅದರದ್ದೇ ಪೆಟ್ರೋಲ್ ಇಂಜಿನ್ ಇದ್ದಿದ್ರೆ ನಾನೇ ಐದರ ಮೇಲೆ ಕೊಡ್ತಿದ್ದೆ. ಅದೆಲ್ಲಿ ಸಿಗುತ್ತೆ ಬಿಡಿ."

"ಎಂತಕ್ಕೆ ಸಿಗಲ್ಲ?" ಎಂದರು ಮಾವ, ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಾ. "ಪಂಪ್ ಶೆಡ್ಡಲ್ಲಿ ಕೂತಿದೆಯಲ್ಲ."

ಪೆಟ್ರೋಲಿನ ರೇಟು ಏರಿದ ಕಾಲದಲ್ಲಿ ಮಾವ ಜೀಪಿಗೆ ಡೀಸೆಲ್ ಇಂಜಿನ್ ಹಾಕಿಸಿ, ಹಳೆಯದನ್ನು ಹಳ್ಳದ ನೀರು ತೋಟಕ್ಕೆ ಎತ್ತಲು ಶೆಡ್ಡಿನಲ್ಲಿ ಕೂರಿಸಿದ್ದರಂತೆ. ಸೀಮೆಎಣ್ಣೆ ಕುಡಿಸಿ ಓಡಿಸುತ್ತಿದ್ದರಂತೆ. ಕರೆಂಟಿನ ಮೋಟರು ಬಂದ ಮೇಲೆ ಗ್ರೀಸ್ ಬಳಿದು ಗೋಣಿ ಹೊದಿಸಿ ಬಿಟ್ಟರು. ನಾವೆಲ್ಲ ಅದನ್ನು ಹಳೇ ಪಂಪು ಎಂದೇ ಕರೆಯುತ್ತಿದ್ದೆವು. ಅದು ಜೀಪಿನ ಇಂಜಿನ್ ಎಂದು ಮಕ್ಕಳಿಗೆ ಹೇಳಬೇಕೆಂದು ಮಾವನಿಗೆ ಅನ್ನಿಸಿರಲಿಲ್ಲ, ಕೇಳಬೇಕೆಂದು ಮಕ್ಕಳಿಗೂ ಅನ್ನಿಸಿರಲಿಲ್ಲ.

ಶಶಿ ಅಂಗಳದ ಆ ತುದಿಯಲ್ಲಿ ಅಡಿಕೆ ಹರಡುತ್ತಿದ್ದ. ಕೈ ನಿಲ್ಲಿಸಿ ತಲೆ ಎತ್ತಿದ. ಶೆಡ್ಡು ಅವನ ಪಾಲಿನದು, ಒಳಗಿನ ಸಾಮಾನು ಸಹಿತ.

ವಿವೇಕ ಹೋದ ಮೇಲೆ ಅಣ್ಣತಮ್ಮಂದಿರ ಮಾತು ಶುರುವಾಯಿತು.

"ಆ ಇಂಜಿನ್ ಕೊಡೋ ಶಶಿ. ನಿಂಗೆ ಅದ್ರಿಂದ ಎಂತ ಉಪಯೋಗ?"

"ಕೊಡೋಣ ಅಣ್ಣ. ಎರಡು ಲಕ್ಷ ಆಗುತ್ತೆ."

"ತುಕ್ಕು ಹಿಡಿದ ಕಬ್ಬಿಣಕ್ಕೆ ಎರಡು ಲಕ್ಷನಾ? ನಿನ್ನೆ ತನಕ ಅದರ ಮೇಲೆ ಕೋಳಿ ಕಾವು ಕೂರ್ತಿತ್ತಲ್ಲೋ!"

"ನಿನ್ನೆ ತನಕ ಬೆಲೆ ಗೊತ್ತಿರಲಿಲ್ಲ. ಪಾಲು ಮಾಡಿದ್ದು ನೀನಣ್ಣ. ನಾನು ಆರಿಸಿದ್ದು ಅಷ್ಟೇ."

"ಒಡಹುಟ್ಟಿದವನ ಹತ್ರ ವ್ಯಾಪಾರ ಮಾಡ್ತೀಯಾ?"

"ಜೀಪಿಗೆ ಹತ್ತು ಲಕ್ಷ ಹಿಡಿದಾಗ ನೀನು ಮಾಡಿದ್ದು ಎಂತದು?"

ಅಷ್ಟಕ್ಕೆ ಮಾತು ಕಡಿಯಿತು. ಮೂರು ವಾರ ಇಬ್ಬರೂ ಒಂದೇ ಅಂಗಳದಲ್ಲಿ ಅಡಿಕೆ ಒಣಗಿಸಿದರು, ಒಬ್ಬರ ಮುಖ ಒಬ್ಬರು ನೋಡದೆ. ಟಾರ್ಪಾಲುಗಳ ನಡುವೆ ಒಂದು ಮೊಳ ಜಾಗ ಬಿಟ್ಟರು. ಆ ತಿಂಗಳು ಮಾವನ ಊಟ ನಮ್ಮಲ್ಲಿ. ಧರ್ಮೇಶ್ ತಟ್ಟೆ ನೋಡಿಕೊಂಡು ಉಣ್ಣುವರು, ಮಾವ ಗೋಡೆ ನೋಡಿಕೊಂಡು. ಅತ್ತೆ ಬಟ್ಟಲು ಹಿಡಿದು ಓಡಾಡುವುದೊಂದು ನಿಲ್ಲಲಿಲ್ಲ. ಹೋದಲ್ಲೆಲ್ಲ ಇಬ್ಬರಿಗೂ ಬೈದು ಬರುತ್ತಿದ್ದರು.

ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವಾಗ ನಿಶ್ಚಿತಾ ಹೇಳಿದಳು.

"ಅಕ್ಕ, ನಿಮಗೆ ಹೇಳ್ಬೇಕು ಅನ್ನಿಸ್ತು. ಆ ಕೋಣೇನ ಮೊಬೈಲ್ ರಿಪೇರಿ ಮಾಡೋರು ಕೇಳಿದಾರೆ. ಕೊಪ್ಪದೋರು. ಈ ಭಾನುವಾರ ಅಡ್ವಾನ್ಸ್ ಕೊಡ್ತಾರಂತೆ."

ನನ್ನ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. ಆವತ್ತು ನನಗೆ ಬಂದದ್ದು ಅಳುವೇ, ಸಿಟ್ಟು ಆಮೇಲೆ ಬಂತು. ಒಮ್ಮೆ ಬಾಡಿಗೆಗೆ ಹೋದರೆ ಆ ಕೋಣೆ ನನ್ನ ಕಾಲದಲ್ಲಿ ವಾಪಸು ಬರುವುದಿಲ್ಲ. ಇತ್ತ ಜೀಪು ಕೊಟ್ಟಿಗೆಯ ಎದುರಿಗೆ ಕೆಂಪಗೆ ನಿಂತಿದೆ, ದಿನಾ ಬೆಳಗ್ಗೆ ನನ್ನ ಗಂಡ ಅದನ್ನು ಒರೆಸುತ್ತಾರೆ. ನನ್ನ ಹಳೇ ಕಾಟನ್ ಸೀರೆಯ ತುಂಡಿನಿಂದ.

ಶನಿವಾರ ಸಂಜೆ ಕಡುಬು ಮಾಡಿದೆ. ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡು ನಾನೇ ಹಿಂದಿನ ಅಡಿಗೆಮನೆಗೆ ಹೋದೆ. ಶಶಿ, ನಿಶ್ಚಿತಾ ಇಬ್ಬರೂ ಇದ್ದರು.

"ಶಶಿ, ನಮಗೆ ನಿನ್ನ ಇಂಜಿನ್ ಬೇಡ" ಎಂದೆ. "ಜೀಪೇ ನೀನು ತಗೊ. ಇಂಜಿನ್ ಕೂರ್ಸಿ ನೀನೇ ಮಾರು, ದುಡ್ಡು ನಿಂದೇ. ನಮಗೆ ಕೋಣೆ ಕೊಡು."

ಶಶಿ ಕೈಯಲ್ಲಿದ್ದ ಕಡುಬನ್ನು ಬಟ್ಟಲಿಗೆ ವಾಪಸು ಇಟ್ಟ. "ಅಣ್ಣ ಒಪ್ಪಿದಾನಾ ಅತ್ತಿಗೆ?"

"ಅದು ನಂಗೆ ಬಿಡು. ನೀನು ಒಪ್ತೀಯಾ?"

ಲೆಕ್ಕ ಮಾಡಿದ್ದು ನಿಶ್ಚಿತಾ. ಗಂಡನಿಗಿಂತ ಅವಳು ಚುರುಕು. ಬಾಡಿಗೆ ತಿಂಗಳಿಗೆ ಇಷ್ಟು ಅಂದರೆ ಐದು ಲಕ್ಷ ಕೂಡಲು ಎಷ್ಟು ವರ್ಷ ಬೇಕು ಎಂದು ಬೆರಳಲ್ಲೇ ನೋಡಿದಳು.

"ಇಂಜಿನ್ ಓಡದೇ ಇದ್ರೆ ನಾವು ಮುಳುಗಿದ ಹಾಗೇ ಅಕ್ಕ. ಅದ್ಕೆ ನಿಮ್ಮ ಬೇಲಿ ಸಾಲಿನ ಮರದ ಕಾಳುಮೆಣಸು ಈ ವರ್ಷ ನಮಗಿರಲಿ."

"ಇರ್ಲಿ" ಎಂದೆ.

"ಇಂಜಿನ್ ಕೂರ್ಸೋಕೆ ಅಣ್ಣನೂ ಬರ್ಬೇಕು" ಎಂದ ಶಶಿ. "ಆ ಜೀಪಿನ ಒಂದೊಂದು ಬೋಲ್ಟು ಗೊತ್ತಿರೋದು ಅವನಿಗೇ."

ಮುಂದಿನ ಅಡಿಗೆಮನೆಗೆ ಬಂದು ಹೇಳಿದಾಗ ಧರ್ಮೇಶ್ ತಟ್ಟೆ ದೂಡಿದರು.

"ನನ್ನ ಕೇಳದೇ ನನ್ನ ಜೀಪು ಕೊಟ್ಟು ಬಂದ್ಯಾ?"

"ನನ್ನ ಕೇಳಿ ನೀವು ಪಾಲು ಮಾಡಿದ್ರಾ?"

"ನಾಲ್ಕು ಲಕ್ಷ ಸುರಿದಿದೀನಿ ಅದಕ್ಕೆ!"

"ಸುರಿದದ್ದು ಯಾರೂ ವಾಪಸ್ ಕೊಡಲ್ಲ. ಕೊಡೋರು ಇದ್ರೆ ಇಷ್ಟೊತ್ತಿಗೆ ಬರ್ತಿದ್ರು. ಮೂರು ತಿಂಗಳಿಂದ ಕೊಪ್ಪ, ಬಸ್ ಸ್ಟ್ಯಾಂಡ್ ಅಂತಿದೀರಿ. ಎರಡೂವರೆ ಲಕ್ಷಕ್ಕೆ ಅಲ್ಲಿ ಎಂತ ಸಿಗುತ್ತೆ, ನಿಂತ್ಕೊಳೋಕೆ ಜಾಗನಾ?"

"ಅಪ್ಪಯ್ಯ, ನೀವಾದ್ರೂ ಹೇಳಿ."

ಮಾವ ಕೈ ತೊಳೆದುಕೊಂಡರು. "ಹಿರೀಕರ ಎದುರು ಆದ ಪಾಲು ಮಲ್ಲಿಕಾ. ಅದನ್ನ ತಿರುಗಿಸೋದು ನಮ್ಮಲ್ಲಿಲ್ಲ."

"ತಿರುಗಿಸೋದು ಬೇಡ ಮಾವ. ಅಣ್ಣ ತಮ್ಮಂಗೆ ಜೀಪು ಮಾರಿದ, ತಮ್ಮ ಅಣ್ಣಂಗೆ ಕೋಣೆ ಮಾರಿದ. ಮಾರಾಟ ಅನ್ನಿ. ಮಾರಾಟಕ್ಕೆ ಯಾರಪ್ಪಣೆ ಬೇಕು?"

ಮಾವ ನನ್ನನ್ನೇ ನೋಡಿದರು. ಆಮೇಲೆ ನಗು ಬಂತು ಅವರಿಗೆ. "ಇವಳನ್ನ ಪಾಲು ಮಾಡೋಕೆ ಕೂರಿಸಬೇಕಿತ್ತು ಕಣೋ" ಎಂದು ಮಗನಿಗೆ ಹೇಳಿ ಎದ್ದರು. ಅತ್ತೆ ಆ ತಟ್ಟೆಯನ್ನು ಮತ್ತೆ ಮಗನ ಎದುರಿಗೆ ಸರಿಸಿದರು. "ಸಿಟ್ಟು ಅವಳ ಮೇಲೆ, ಕಡುಬು ನಿಂಗೆ ಎಂತ ಮಾಡಿದೆ? ತಿನ್ನು."

ಭಾನುವಾರ ಶಶಿ ಮೊಬೈಲ್ ರಿಪೇರಿಯವರಿಗೆ ಕೋಣೆ ಕೊಡುವುದಿಲ್ಲವೆಂದು ಹೇಳಿ ಕಳಿಸಿದ. ಧರ್ಮೇಶ್ ನನ್ನ ಹತ್ತಿರ ಮಾತು ಬಿಟ್ಟರು. ಏನು ಬೇಕಾದರೂ ಮಗಳ ಕೈಲಿ ಹೇಳಿಸುವುದು: ನಿನ್ನಮ್ಮಂಗೆ ಹೇಳು ನೀರು ಕಾಯಿಸೋಕೆ. ನಿನ್ನಪ್ಪಂಗೆ ಹೇಳು ಕಾದಿದೆ ಅಂತ. ಅರ್ಪಿತಾ ಎರಡು ದಿನ ಹೇಳಿದಳು, ಮೂರನೇ ದಿನ "ನಂಗೆ ಓದೋದಿದೆ, ನೀವೇ ಹೇಳ್ಕೊಳ್ಳಿ" ಎಂದು ಬಾಗಿಲು ಹಾಕಿಕೊಂಡಳು.

ಅತ್ತ ಶಶಿ ಪಂಪ್ ಶೆಡ್ಡಿನಿಂದ ಇಂಜಿನ್ ತೆಗೆಯಲು ಇಬ್ಬರನ್ನು ಕರೆದುಕೊಂಡು ಹೋಗಿ ಬೆಳಗ್ಗೆಯೆಲ್ಲ ಒದ್ದಾಡಿದ. ಹಗ್ಗ ಕಟ್ಟಿದ ಜಾಗ ಸರಿಯಿಲ್ಲ, ಎತ್ತಿದರೆ ಓಲುತ್ತದೆ. ಧರ್ಮೇಶ್ ಜಗಲಿಯಿಂದ ನೋಡುತ್ತಾ ಕೂತಿದ್ದರು. ಕೂತರು, ಎದ್ದರು, ಮತ್ತೆ ಕೂತರು. ಕೊನೆಗೆ ತಡೆಯಲಾರದೆ, "ಅಯ್ಯೋ ಆ ಕಡೆ ಕಟ್ಟಬೇಡ್ರೋ, ಮುರಿತೀರಲ್ರೋ!" ಎಂದು ಕೂಗಿಕೊಂಡೇ ಹಳ್ಳದ ಕಡೆ ಓಡಿದರು.

ಆಮೇಲಿನ ಹತ್ತು ಹನ್ನೆರಡು ದಿನ ಅಣ್ಣತಮ್ಮಂದಿರು ಕೊಟ್ಟಿಗೆಯಲ್ಲೇ ಇದ್ದರು. ಡೀಸೆಲ್ ಇಂಜಿನ್ ಇಳಿಯಿತು. ಹಳೆಯದನ್ನು ಬಿಚ್ಚಿದರು, ತೊಳೆದರು, ಯಾವುದೋ ಬಿಡಿಭಾಗಕ್ಕೆ ನರಸಿಂಹರಾಜಪುರಕ್ಕೆ ಓಡಿದರು. ಮಾವ ಕುರ್ಚಿ ಹಾಕಿಸಿಕೊಂಡು ಕೂತು, ಹಂಗಲ್ಲ, ಹಿಂಗೆ ಎನ್ನುತ್ತಿದ್ದರು. ಮಧ್ಯಾಹ್ನ ಒಬ್ಬರ ಮನೆಯಲ್ಲಿ ಊಟವಾದರೆ ಸಂಜೆ ಇನ್ನೊಬ್ಬರ ಮನೆಯಲ್ಲಿ ಕಾಫಿ. ಯಾರ ತಿಂಗಳು ಎಂಬುದು ಯಾರಿಗೂ ನೆನಪಿರಲಿಲ್ಲ. ಕೊನೆಯ ದಿನ ಎರಡು ಸಲ ಕೆಮ್ಮಿ, ಮನೆ ತುಂಬಾ ಹೊಗೆ ಬಿಟ್ಟು ಇಂಜಿನ್ ಓಡಿತು. ಧರ್ಮೇಶ್ ಮೊಣಕೈವರೆಗೆ ಎಣ್ಣೆಯಾಗಿ ನಿಂತು ನಗುತ್ತಿದ್ದರು. ನನಗೆ ಅವರ ಮೇಲೆ ಪಾಪ ಎನ್ನಿಸಿತು. ಜೀಪು ಅವರದಲ್ಲ ಆಗಲೇ. ಆದರೂ ಕೋಣೆ ಬೇಡ ಎಂದು ಹೇಳುವಷ್ಟು ಪಾಪ ಎನ್ನಿಸಲಿಲ್ಲ.

ವಿವೇಕ ಬಂದು ಇಂಜಿನ್ನಿನ ನಂಬರ್ ನೋಡಿದರು, ಓಡಿಸಿ ನೋಡಿದರು, ಐದೂಕಾಲು ಲಕ್ಷಕ್ಕೆ ಮಾತು ಮುಗಿಸಿದರು. ದುಡ್ಡು ಶಶಿಗೆ ಹೋಯಿತು. ಜೀಪು ರಸ್ತೆಗಿಳಿದು ತಿರುವು ದಾಟುವ ತನಕ ಧರ್ಮೇಶ್ ಗೇಟಿನ ಹತ್ತಿರ ನಿಂತಿದ್ದರು.

"ನಾಲ್ಕು ಲಕ್ಷ ಹಾಕದೇ, ಪೇಂಟೇ ಮಾಡದೇ, ಹುಲ್ಲಿನ ಅಡಿಯಿಂದ ಎಳೆದು ಇದೇ ಇಂಜಿನ್ ಕೂರ್ಸಿದ್ರೂ ಇಷ್ಟೇ ಬರ್ತಿತ್ತು" ಎಂದರು. ಅವರು ಆಗ ನನ್ನ ಹತ್ತಿರವೇ ಮಾತಾಡಿದ್ದು. ಹತ್ತಿರ ಬೇರೆ ಯಾರೂ ಇರಲಿಲ್ಲ.

"ಊಟ ಮಾಡಿ ಬನ್ನಿ" ಎಂದೆ.

ಮರುದಿನ ನಾನು ಹೇಳದೆಯೇ ಕೋಣೆಯ ಗೊಬ್ಬರದ ಚೀಲ ಹೊರಗೆ ಹಾಕಿದರು. ಗೋಡೆಗೆ ಸುಣ್ಣ ಬಳಿದರು, ಬಟ್ಟೆ ನೇತುಹಾಕಲು ಕಂಬಿ ಹೊಡೆದರು. ಶುಕ್ರವಾರ ದೀಪ ಹಚ್ಚಿ ಮಿಷನ್ ಇಟ್ಟೆವು. ನಿಶ್ಚಿತಾ ಮೊದಲ ರವಿಕೆ ಬಟ್ಟೆ ಕೊಟ್ಟಳು. ಅತ್ತೆ ಕಟ್ಟೆಯ ಮೇಲೆ ಕೂತು ಬಸ್ಸಿಗೆ ಕಾಯುವವರನ್ನೆಲ್ಲ ಕರೆದು, ನಮ್ಮ ಸೊಸೇದು ಅಂಗಡಿ ಎಂದು ಹೇಳುತ್ತಿದ್ದರು. ಧರ್ಮೇಶ್ ತೋಟದ ಕೆಲಸ ಮುಗಿಸಿ ಸಂಜೆ ಬಂದು ಗುಂಡಿ ಹಾಕಿಕೊಡುತ್ತಿದ್ದರು. ಬೋಲ್ಟು ಬಿಗಿದ ಕೈ, ಗುಂಡಿ ಕಿತ್ತು ಬರುತ್ತಿರಲಿಲ್ಲ.

ಯುಗಾದಿಗೆ ವಾರ ಇರುವಾಗ ಕೋಣೆಯ ಎದುರು ಒಂದು ಜೀಪು ನಿಂತಿತು. ಹಸಿರು ಬಣ್ಣ, ಸಣ್ಣ ಟಯರು. ಸದ್ದು ಕೇಳಿದ ಕೂಡಲೇ ಧರ್ಮೇಶ್ ಸೂಜಿ ಕೆಳಗಿಟ್ಟರು. ವಿವೇಕ ಇಳಿದು ಬಂದು, ಹಿಂದಿನಿಂದ ಒಂದು ದಪ್ಪ ಸುರುಳಿ ತೆಗೆದು ನನ್ನ ಮೇಜಿನ ಮೇಲೆ ಹಾಕಿದರು. ಖಾಕಿ ಕ್ಯಾನ್ವಾಸು.

"ಹುಡ್ ಹೊಲಿಯೋರು ಬೇಕು ಮಲ್ಲಿಕಾ ಅವರೇ. ಈಗ ಟಾರ್ಪಾಲು ಹೊಲಿಯೋರೇ ಸಿಗಲ್ಲ. ನಿಮ್ಮ ಮಿಷನ್ ಹೊಲಿಯುತ್ತೆ ಅಂತ ಶಶಿ ಹೇಳಿದ್ರು."

"ಹೊಲಿಯುತ್ತೆ."

"ಎಷ್ಟಾಗುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಎದ್ದರು. ಜೀಪನ್ನೇ ನೋಡುತ್ತಾ, "ಈ ಕೆಲ್ಸಕ್ಕೆ ಹೊರಗೆ ಎಲ್ಲಾದ್ರೂ ಕೇಳಿ, ಕಮ್ಮಿ ಅಂದ್ರೂ ಒಂದು..." ಎಂದು ಶುರು ಮಾಡಿದರು.

ನಾನು ಕೊರಳಲ್ಲಿದ್ದ ಟೇಪು ತೆಗೆದು ಅವರ ಕೈಯಲ್ಲಿಟ್ಟೆ.

"ನೀವು ಹೋಗಿ ಅಳತೆ ತಗೊಂಡು ಬನ್ನಿ" ಎಂದೆ. "ಬೆಲೆ ನಾನು ಹೇಳ್ತೀನಿ."